ಯಂತ್ರದ ತಪ್ಪೋ, ತಂತ್ರಾಂಶದ ತಪ್ಪೋ: ಕಲಬುರಗಿಯಲ್ಲಿ ಕುಳಿತು ಲಿನಕ್ಸ್ ದೋಷ ಪತ್ತೆ ಮಾಡುವ ಬಗೆ

ಲಿನಕ್ಸ್ ವಿತರಣೆಗೆ, ಅಂದರೆ ಲಿನಕ್ಸನ್ನು ಇತರ ತಂತ್ರಾಂಶಗಳೊಡನೆ ಕಟ್ಟಿ ಹಂಚುವ ಡೆಬಿಯನ್, ಉಬುಂಟುವಿನಂಥ ಯೋಜನೆಗೆ, ದೋಷ ವರದಿ ಕಳಿಸುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ವರದಿಯನ್ನು ಓದುವವರು ನಿಮ್ಮ ಅಂಗಡಿಗೆ ಬರುವುದಿಲ್ಲ. ಅವರು ಬರ್ಲಿನ್‌ನಲ್ಲೋ ಪುಣೆಯಲ್ಲೋ ತಮ್ಮ ಕಂಪ್ಯೂಟರಿನ ಮುಂದೆ ಕುಳಿತು, ನೀವು ಬರೆದದ್ದನ್ನಷ್ಟೇ ಓದಿ, ಅದೇ ದೋಷ ತಮ್ಮಲ್ಲೂ ಕಾಣಿಸುತ್ತದೆಯೇ ಎಂದು ನೋಡುತ್ತಾರೆ. ಕಂಡರೆ ಸರಿಪಡಿಸುವ ದಾರಿ ತೆರೆಯುತ್ತದೆ. ಕಾಣದಿದ್ದರೆ ವರದಿ ಅಲ್ಲಿಯೇ ಕೊಳೆಯುತ್ತದೆ. ಆದ್ದರಿಂದ ಕಲಬುರಗಿಗೆ ಮಾತ್ರ ಸೇರಿದ್ದನ್ನು, ಅಂದರೆ ಇಲ್ಲಿಯ ಕರೆಂಟು, ಬಿಸಿಲು, ಧೂಳನ್ನು ಮೊದಲು ಕಳೆಯಬೇಕು. ಆಮೇಲೆ ನಿಮ್ಮ ಯಂತ್ರಕ್ಕೆ ಮಾತ್ರ ಸೇರಿದ್ದನ್ನು ಕಳೆಯಬೇಕು. ಇಷ್ಟು ಕಳೆದ ಮೇಲೂ ಉಳಿಯುವುದು ತಂತ್ರಾಂಶದ ದೋಷ. ವರದಿ ಮಾಡಬೇಕಾದದ್ದು ಅದನ್ನು.

ಇದನ್ನು ಬರೆಯುತ್ತಿರುವುದು ಸೂಪರ್ ಮಾರ್ಕೆಟ್ ಸುತ್ತಲಿನ ಡಿಟಿಪಿ ಅಂಗಡಿಗಳು, ತೊಗರಿ ಬೇಳೆ ಮಿಲ್ಲುಗಳ ಲೆಕ್ಕದ ಕೋಣೆಗಳು, ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯ ಶಾಲೆಗಳ ಪ್ರಯೋಗಾಲಯಗಳು ಇಂಥ ಕಡೆ ಡೆಬಿಯನ್, ಉಬುಂಟು, ಮಿಂಟ್ ಹಾಕಿಕೊಂಡು ಕೆಲಸ ಮಾಡುವವರಿಗಾಗಿ. ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಕರೆಂಟು, ಬಿಸಿಲು, ಧೂಳು

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇರುವಾಗ ತಗಡಿನ ಛಾವಣಿಯ ಕೆಳಗಿನ ಕಂಪ್ಯೂಟರ್ ನಿಧಾನವಾದರೆ ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಬೈಯುವುದು ಅನ್ಯಾಯ. ಮಿತಿಮೀರಿ ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಹೀಗಾದಾಗ ‘ಟೆಂಪರೇಚರ್ ಅಬವ್ ಥ್ರೆಶೋಲ್ಡ್’ ಎಂಬ ಸಾಲು ಕರ್ನಲ್ ದಾಖಲೆಯಲ್ಲಿ (ಲಾಗ್) ಬೀಳುತ್ತದೆ. ‘ಸುಡೊ ಡಿಎಂಇಎಸ್‌ಜಿ’ ಕೊಟ್ಟು ನೋಡಬಹುದು. ‘ಸೆನ್ಸರ್ಸ್’ ಆಜ್ಞೆ ಆ ಕ್ಷಣದ ಉಷ್ಣತೆಯನ್ನು ತೋರಿಸುತ್ತದೆ. ಇದಕ್ಕಿಂತ ಸರಳ ಪರೀಕ್ಷೆಯೂ ಉಂಟು: ಅದೇ ಕೆಲಸವನ್ನು ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಮಾಡಿ ನೋಡಿ. ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನ ತೆವಳಿದರೆ ಕ್ಯಾಬಿನೆಟ್ ಬಿಚ್ಚಿ ಫ್ಯಾನ್ ನೋಡಿ. ಬೇಳೆ ಮಿಲ್ಲಿನ ಹೊಟ್ಟು, ಸಿಮೆಂಟ್ ಕಾರ್ಖಾನೆಗಳ ಕಡೆಯ ಬಿಳಿ ಧೂಳು ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿನ ಸಂದುಗಳಿಗೂ ಅಂಟಿಕೊಂಡು ಗಾಳಿಯ ದಾರಿಯನ್ನೇ ಮುಚ್ಚಿರುತ್ತವೆ. ಬ್ರಷ್ ಹಿಡಿದರೆ ಮುಗಿಯುವ ಕೆಲಸಕ್ಕೆ ವರದಿ ಬೇಡ.

ಕರೆಂಟಿನ ವಿಷಯ ಸ್ವಲ್ಪ ಸೂಕ್ಷ್ಮ. ಯಂತ್ರ ಇದ್ದಕ್ಕಿದ್ದಂತೆ ಆರಿ ಮತ್ತೆ ಹೊತ್ತಿಕೊಂಡರೆ ಅದು ಕರ್ನಲ್ ಕುಸಿದದ್ದೋ, ಇನ್ವರ್ಟರ್ ಬದಲಾಗುವ ಒಂದು ಕ್ಷಣದಲ್ಲಿ ವಿದ್ಯುತ್ ತಪ್ಪಿದ್ದೋ? ‘ಲಾಸ್ಟ್ -ಎಕ್ಸ್’ ಕೊಟ್ಟರೆ ಯಂತ್ರ ಯಾವಾಗ ಸರಿಯಾಗಿ ಮುಚ್ಚಿತು, ಯಾವಾಗ ‘ಕ್ರ್ಯಾಶ್’ ಆಯಿತು ಎಂಬುದು ಕಾಣುತ್ತದೆ. ಆದರೆ ವಿದ್ಯುತ್ ತಪ್ಪಿದ್ದನ್ನೂ ಅದು ಕ್ರ್ಯಾಶ್ ಎಂದೇ ಬರೆಯುತ್ತದೆ. ಹಾಗಾಗಿ ದಾಖಲೆಯ ಬಾಲವನ್ನು ನೋಡಬೇಕು (ಅದನ್ನು ತೆರೆಯುವ ಬಗೆ ಮುಂದಿದೆ). ಯಾವ ದೂರೂ ಇಲ್ಲದೆ ದಾಖಲೆ ನಡುದಾರಿಯಲ್ಲಿ ತುಂಡಾಗಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲೆ ಇರಲಿ. ಅದೇ ಹೊತ್ತಿಗೆ ಪಕ್ಕದ ಟ್ಯೂಬ್‌ಲೈಟ್ ಮಿನುಗಿತೇ ಎಂದು ಅಂಗಡಿಯ ಹುಡುಗನನ್ನು ಕೇಳಿ. ಅವನ ಉತ್ತರ ಎಷ್ಟೋ ಸಲ ದಾಖಲೆಗಿಂತ ಬೇಗ ತೀರ್ಪು ಕೊಡುತ್ತದೆ.

ಹೀಗೆ ಆರಿದ ಯಂತ್ರ ಮತ್ತೆ ಏಳುವಾಗ ‘ರಿಕವರಿಂಗ್ ಜರ್ನಲ್’ ಎಂಬ ಸಾಲು ಬಂದರೆ ಗಾಬರಿಯಾಗಬೇಡಿ. ಇಎಕ್ಸ್‌ಟಿ4 ಕಡತ ವ್ಯವಸ್ಥೆ ತನ್ನ ಅರ್ಧ ಉಳಿದ ಬರವಣಿಗೆಯನ್ನು ಪೂರೈಸುತ್ತಿದೆ, ಅಷ್ಟೆ. ಗಾಬರಿಯಾಗಬೇಕಾದದ್ದು ‘ರಿಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ’ ಎಂಬ ಸಾಲು ಕಂಡಾಗ. ಕಡತ ಉಳಿಸಲು ಹೋದರೆ ಆಗುವುದಿಲ್ಲ, ಬ್ರೌಸರ್ ತೆರೆಯುವುದಿಲ್ಲ, ಎಲ್ಲ ತಂತ್ರಾಂಶವೂ ಒಟ್ಟಿಗೆ ಕೆಟ್ಟಂತೆ ತೋರುತ್ತದೆ. ಕೆಟ್ಟಿರುವುದು ಬಹುಶಃ ಡಿಸ್ಕ್. ಮೊದಲು ಇದ್ದ ಕಡತಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ, ಆಮೇಲೆ ‘ಸ್ಮಾರ್ಟ್‌ಸಿಟಿಎಲ್ -ಎ’ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಈ ಕ್ರಮ ತಪ್ಪಬಾರದು.

ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋಗಿದ್ದರೆ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂಬ ಸಂದೇಶ ಬರುತ್ತದೆ. ಪರಿಹಾರವನ್ನು ಆ ಸಂದೇಶವೇ ಹೇಳುತ್ತದೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಸಂದೇಶವನ್ನು ಓದದೆ ಇಡೀ ಲಿನಕ್ಸನ್ನು ಮರುಸ್ಥಾಪಿಸಿದವರು ನಮ್ಮ ಕಡೆ ಕಡಿಮೆಯೇನಿಲ್ಲ.

ಇನ್ನು ರ್‍ಯಾಮ್. ಒಂದು ಸಲ ಬ್ರೌಸರ್, ಇನ್ನೊಂದು ಸಲ ಲಿಬ್ರೆಆಫೀಸ್, ಮತ್ತೊಂದು ಸಲ ಕಡತ ತೆರೆಯುವ ಕಿಟಕಿ, ಹೀಗೆ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಜಾಗದಲ್ಲಿ ಕುಸಿದರೆ ಮೆಮ್‌ಟೆಸ್ಟ್ ಅನ್ನು ರಾತ್ರಿಯಿಡೀ ಓಡಿಸಿ. ಒಂದೇ ತಂತ್ರಾಂಶ, ಒಂದೇ ಗುಂಡಿ ಒತ್ತಿದಾಗ, ಪ್ರತಿ ಸಲವೂ ಕುಸಿದರೆ ಸಂತೋಷಪಡಿ. ಅದು ವರದಿಗೆ ಯೋಗ್ಯವಾದ ದೋಷ.

ಗಡಿಯಾರ ತಪ್ಪಿದ ಯಂತ್ರ

ಹಳೆಯ ಯಂತ್ರಗಳಲ್ಲಿ ಇದು ಬಹಳ ಸಾಮಾನ್ಯ. ಆದರೂ ಗಡಿಯಾರವನ್ನು ಯಾರೂ ಅನುಮಾನಿಸುವುದಿಲ್ಲ. ಲಕ್ಷಣಗಳು ಹೀಗಿರುತ್ತವೆ: ಬ್ರೌಸರ್ ಪ್ರತಿ ತಾಣಕ್ಕೂ ‘ಸುರಕ್ಷಿತವಲ್ಲ’ ಎನ್ನುತ್ತದೆ; ‘ಎಪಿಟಿ ಅಪ್‌ಡೇಟ್’ ಕೊಟ್ಟರೆ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎಂದು ದೂರುತ್ತದೆ. ನೆಟ್ ಸರಿ ಇದೆ, ವಿತರಣೆಯ ಸರ್ವರ್ ಸರಿ ಇದೆ. ನಿಮ್ಮ ಯಂತ್ರ ಮಾತ್ರ ಹಿಂದಿನ ಯಾವುದೋ ದಿನದಲ್ಲಿ ನಿಂತಿದೆ. ಇಂದು ಸಹಿಯಾದ ಕಡತ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ದಿನಾಂಕ ನೋಡಿ. ಯಂತ್ರವನ್ನು ಪ್ಲಗ್ ತೆಗೆದು ಇಟ್ಟಾಗಲೆಲ್ಲ ದಿನಾಂಕ ಹಿಂದೆ ಬಿದ್ದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ನೆಟ್ ಇದ್ದರೆ ಲಿನಕ್ಸ್ ತಾನೇ ಸಮಯ ಸರಿಮಾಡಿಕೊಳ್ಳುವುದರಿಂದ ಪಟ್ಟಣದ ಅಂಗಡಿಯಲ್ಲಿ ಈ ದೋಷ ಅಡಗಿರುತ್ತದೆ. ಅದೇ ಯಂತ್ರ ನೆಟ್ ಇಲ್ಲದ ಹಳ್ಳಿ ಶಾಲೆಗೆ ಹೋದ ದಿನ ಹೊರಬೀಳುತ್ತದೆ.

ಸಮಯ ಸರಿಯಾಗಿ ಐದೂವರೆ ಗಂಟೆ ಆಚೀಚೆ ಆಗುತ್ತಿದ್ದರೆ ಬ್ಯಾಟರಿಯನ್ನು ಮುಟ್ಟಬೇಡಿ. ಆ ಯಂತ್ರದಲ್ಲಿ ವಿಂಡೋಸ್ ಕೂಡ ಇದೆ. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಭಾರತದ ಸಮಯವನ್ನು ಬರೆಯುತ್ತದೆ. ಲಿನಕ್ಸ್ ಅದನ್ನು ಗ್ರೀನ್‌ವಿಚ್ ಸಮಯವೆಂದು ತಿಳಿದು ಮೇಲೆ ಐದೂವರೆ ಗಂಟೆ ಕೂಡಿಸುತ್ತದೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದರೆ ಎರಡಕ್ಕೂ ರಾಜಿಯಾಗುತ್ತದೆ. ಗಡಿಯಾರ ತಪ್ಪಿದ್ದ ದಿನದ ದಾಖಲೆಯನ್ನು ವರದಿಗೆ ಲಗತ್ತಿಸಿದರೆ ಓದುವವರಿಗೆ ಘಟನೆಗಳ ಕ್ರಮ ತಿಳಿಯುವುದಿಲ್ಲ ಎಂಬುದನ್ನೂ ಮರೆಯಬೇಡಿ.

ದಾಖಲೆ ಓದುವುದು

‘ಜರ್ನಲ್‌ಸಿಟಿಎಲ್ -ಬಿ -1’ ಎಂದರೆ ಹಿಂದಿನ ಬಾರಿ ಯಂತ್ರ ಓಡಿದಾಗಿನ ದಾಖಲೆ. ಅದರ ಕೊನೆಗೆ ‘-ಪಿ ಇಆರ್‌ಆರ್’ ಸೇರಿಸಿದರೆ ತಪ್ಪುಗಳು ಮಾತ್ರ. ಹಿಂದಿನ ದಾಖಲೆ ಇಲ್ಲವೆಂದು ಉತ್ತರ ಬಂದರೆ ದಾಖಲೆಗಳು ಮೆಮೊರಿಯಲ್ಲಷ್ಟೇ ಉಳಿಯುತ್ತಿವೆ. ‘/ವಾರ್/ಲಾಗ್/ಜರ್ನಲ್’ ಎಂಬ ಕೋಶ ರಚಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿ, ದೋಷ ಇನ್ನೊಮ್ಮೆ ಬರುವವರೆಗೆ ಕಾಯಿರಿ.

ಕೆಂಪು ಸಾಲು ಕಂಡ ಕೂಡಲೇ ಅದೇ ಅಪರಾಧಿ ಎಂದು ಹಿಡಿಯುವುದು ಎಲ್ಲರಿಗೂ ಇರುವ ಚಾಳಿ. ‘ಎಸಿಪಿಐ ಬಯೋಸ್ ಎರರ್’ ಎಂಬ ಸಾಲು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರತಿದಿನ ಬರುತ್ತದೆ, ಲ್ಯಾಪ್‌ಟಾಪ್ ಚೆನ್ನಾಗಿಯೇ ಇರುತ್ತದೆ. ಎಲ್ಲವೂ ಸರಿಯಿದ್ದ ಒಂದು ದಿನದ ದಾಖಲೆಯನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿ. ಒಳ್ಳೆಯ ದಿನದಲ್ಲೂ ಇರುವ ಕೆಂಪು ಸಾಲುಗಳನ್ನು ಕೈಬಿಡಿ. ಕೆಟ್ಟ ದಿನದಲ್ಲಿ ಹೊಸದಾಗಿ ಕಾಣಿಸಿದ ಸಾಲುಗಳ ಪೈಕಿ ಮೊದಲನೆಯದು ಮುಖ್ಯ. ಅದರ ನಂತರ ಬರುವ ನೂರಾರು ಸಾಲುಗಳು ಬಹುತೇಕ ಅದರ ಪರಿಣಾಮ.

‘ನಾನೇನೂ ಬದಲಾಯಿಸಿಲ್ಲ, ತಾನಾಗಿ ಕೆಟ್ಟಿತು’ ಎಂಬ ಮಾತನ್ನು ಹೇಳುವವರು ಪ್ರಾಮಾಣಿಕರೇ. ಆದರೆ ಉಬುಂಟು ಭದ್ರತಾ ಅಪ್‌ಡೇಟ್‌ಗಳನ್ನು ಕೇಳದೆಯೇ ಹಾಕಿಕೊಳ್ಳುತ್ತದೆ. ‘/ವಾರ್/ಲಾಗ್/ಎಪಿಟಿ/ಹಿಸ್ಟರಿ.ಲಾಗ್’ ಕಡತದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಪ್ಯಾಕೇಜ್ (ವಿತರಣೆ ಕಟ್ಟಿಕೊಡುವ ತಂತ್ರಾಂಶದ ಗಂಟು) ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿತು ಎಂಬುದೆಲ್ಲ ಇರುತ್ತದೆ. ದೋಷ ಮೊದಲು ಕಂಡ ದಿನವನ್ನು ಅದರೊಡನೆ ಹೊಂದಿಸಿ. ಅನುಮಾನದ ಪ್ಯಾಕೇಜ್ ಸಿಕ್ಕರೆ ಅದರ ಹಳೆಯ ಆವೃತ್ತಿಯನ್ನು ಹಾಕಿ ನೋಡಿ. ಡೆಬಿಯನ್‌ನ ಹಳೆಯ ಆವೃತ್ತಿಗಳೆಲ್ಲ ಅದರ ‘ಸ್ನ್ಯಾಪ್‌ಶಾಟ್’ ಸಂಗ್ರಹದಲ್ಲಿ ದಿನಾಂಕದ ಪ್ರಕಾರ ಸಿಗುತ್ತವೆ. ಕರ್ನಲ್ಲಾದರೆ ಇನ್ನೂ ಸುಲಭ: ಯಂತ್ರ ಏಳುವಾಗ ಬರುವ ಗ್ರಬ್ ಎಂಬ ಆಯ್ಕೆಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇರುತ್ತದೆ. ಹಳೆಯದರಲ್ಲಿ ಸರಿ, ಹೊಸದರಲ್ಲಿ ತಪ್ಪು ಎಂದು ತೋರಿಸಿಕೊಟ್ಟ ವರದಿಗೆ ಸಿಗುವ ಗಮನವೇ ಬೇರೆ.

ಯಂತ್ರದ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡಿರುವವರು ಒಂದು ಎಚ್ಚರ ವಹಿಸಬೇಕು. ದೋಷದ ಸಂದೇಶ ಕನ್ನಡದಲ್ಲಿ ಬಂದರೆ ಅಭಿವೃದ್ಧಿಕಾರರಿಗೆ ಅದನ್ನು ಮೂಲ ಕೋಡಿನಲ್ಲಿ ಹುಡುಕಲು ಆಗುವುದಿಲ್ಲ. ಆಜ್ಞೆಗಿಂತ ಮೊದಲು ದೊಡ್ಡಕ್ಷರಗಳಲ್ಲಿ ‘ಎಲ್‌ಸಿ_ಎಎಲ್‌ಎಲ್=ಸಿ’ ಎಂದು ಸೇರಿಸಿ ಓಡಿಸಿದರೆ ಅದೇ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ವರದಿಗೆ ಹಾಕಿ.

ನಿಮ್ಮ ಯಂತ್ರಕ್ಕೆ ಮಾತ್ರ ಸೇರಿದ್ದು

ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಪರೀಕ್ಷಿಸಿ. ಅಲ್ಲಿ ದೋಷ ಕಾಣದಿದ್ದರೆ ತಪ್ಪು ನಿಮ್ಮ ಹಳೆಯ ಖಾತೆಯ ಸಂಯೋಜನೆಗಳಲ್ಲಿದೆ. ಅಲ್ಲಿಯೂ ಕಂಡರೆ ಅದೇ ವಿತರಣೆಯ, ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸಬಹುದಾದ ಲೈವ್ ಯುಎಸ್‌ಬಿಯಿಂದ ಯಂತ್ರವನ್ನು ಎಬ್ಬಿಸಿ ನೋಡಿ. ಈ ಎರಡು ಪರೀಕ್ಷೆ ಮಾಡದೆ ಬರೆದ ವರದಿಯನ್ನು ನಾನಂತೂ ಅರ್ಧ ವರದಿ ಎನ್ನುತ್ತೇನೆ.

ವಿತರಣೆಯದಲ್ಲದ ಹೊರಗಿನ ಭಂಡಾರಗಳಿಂದ (ರೆಪಾಸಿಟರಿ) ತಂದ ಪ್ಯಾಕೇಜ್‌ಗಳ ದೋಷವನ್ನು ವಿತರಣೆಗೆ ವರದಿ ಮಾಡುವಂತಿಲ್ಲ. ‘ಎಪಿಟಿ ಪಾಲಿಸಿ’ ಆಜ್ಞೆಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ರೂಪದಲ್ಲಿ ಬರುತ್ತಿದೆ ಎಂಬುದು ನೆನಪಿರಲಿ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳು ತಮ್ಮ ಲೈಬ್ರರಿಗಳನ್ನು ತಾವೇ ಹೊತ್ತು ತರುವುದರಿಂದ ಒಂದೇ ಹೆಸರಿನ ತಂತ್ರಾಂಶ ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳಬಹುದು.

ಕೆಲವು ಬದಲಾವಣೆಗಳು ದೋಷಗಳೇ ಅಲ್ಲ, ನಿರ್ಧಾರಗಳು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಹಳೆಯ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಶಾಲೆಯ ಹಳೆಯ ಯಂತ್ರದಲ್ಲಿ ಅದು ಏಳುತ್ತಿಲ್ಲವೆಂದು ವರದಿ ಬರೆದು ಪ್ರಯೋಜನವಿಲ್ಲ.

ಕನ್ನಡ ಒಡೆದು ಕಂಡಾಗ

ಇಲ್ಲಿಯವರೆಗಿನದು ವರದಿಯಿಂದ ಕೈಬಿಡಬೇಕಾದವುಗಳ ಮಾತು. ಕನ್ನಡದ ದೋಷಗಳ ಕತೆ ಬೇರೆ. ಬರ್ಲಿನ್‌ನವರಿಗೆ ವೈಫೈ ಕೆಟ್ಟರೆ ನಮಗಿಂತ ಮೊದಲು ಅವರೇ ವರದಿ ಮಾಡಿರುತ್ತಾರೆ. ಒತ್ತಕ್ಷರ ಜಾರಿದರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಡಿಟಿಪಿ ಅಂಗಡಿಯವರು ವರದಿ ಮಾಡಬೇಕಾದದ್ದು ಇಂಥವನ್ನು. ಮಾಡದಿರುವುದೂ ಇಂಥವನ್ನೇ, ಫಾಂಟ್ ಬದಲಾಯಿಸಿ ಗಿರಾಕಿಯನ್ನು ಕಳಿಸಿಬಿಡುತ್ತಾರೆ.

ಮೊದಲ ಪ್ರಶ್ನೆ: ತಪ್ಪಿರುವುದು ಟೈಪ್ ಮಾಡುವಲ್ಲಿಯೋ, ತೋರಿಸುವಲ್ಲಿಯೋ? ಸರಿ ಇದೆಯೆಂದು ಖಚಿತವಾಗಿರುವ ಕನ್ನಡ ವಾಕ್ಯವೊಂದನ್ನು ನಕಲು ಮಾಡಿ ಅಂಟಿಸಿ. ಅಂಟಿಸಿದ್ದು ಚೆನ್ನಾಗಿ ಕಂಡು, ಟೈಪ್ ಮಾಡಿದ್ದು ಮಾತ್ರ ಕೆಟ್ಟರೆ ಕನ್ನಡ ಟೈಪಿಂಗಿನ ತಂತ್ರಾಂಶಗಳಾದ ಐಬಸ್, ಎಂ17ಎನ್ ಅಥವಾ ಕೀಲಿಮಣೆ ವಿನ್ಯಾಸದ ಕಡೆ ನೋಡಬೇಕು. ನುಡಿಯಲ್ಲಿ ಪಳಗಿದ ಕೈಗೆ ಬೇಕಾದದ್ದು ಕೆ. ಪಿ. ರಾವ್ ವಿನ್ಯಾಸ, ಎಂ17ಎನ್‌ನಲ್ಲಿ ಅದರ ಹೆಸರು ‘ಕೆಜಿಪಿ’. ಅದರ ಬದಲು ಇನ್‌ಸ್ಕ್ರಿಪ್ಟ್ ಆಯ್ಕೆಯಾಗಿದ್ದರೆ ಪ್ರತಿ ಅಕ್ಷರವೂ ತಪ್ಪುತ್ತದೆ, ತಂತ್ರಾಂಶದ ತಪ್ಪೇನೂ ಇರುವುದಿಲ್ಲ.

ತೋರಿಸುವಲ್ಲಿ ತಪ್ಪಿದ್ದರೆ ಮೂವರು ಆರೋಪಿಗಳು: ಫಾಂಟು, ಅಕ್ಷರ ಜೋಡಿಸುವ ಎಂಜಿನ್, ಆಯಾ ತಂತ್ರಾಂಶ. ಲಿನಕ್ಸ್‌ನಲ್ಲಿ ಆ ಎಂಜಿನ್ ಬಹುತೇಕ ಎಲ್ಲ ಕಡೆ ಹಾರ್ಫ್‌ಬಜ್. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಗ್ನೋಮ್‌ನ ಪಠ್ಯ ಸಂಪಾದಕ ಎಲ್ಲವೂ ಅದನ್ನೇ ಬಳಸುತ್ತವೆ. ಒಂದೇ ವಾಕ್ಯವನ್ನು ಮೂರರಲ್ಲೂ, ಲೋಹಿತ್, ನೋಟೊ, ಗುಬ್ಬಿ ಫಾಂಟುಗಳಲ್ಲೂ ಇಟ್ಟು ನೋಡಿ. ಒಂದು ಫಾಂಟಿನಲ್ಲಿ ಮಾತ್ರ, ಎಲ್ಲ ತಂತ್ರಾಂಶಗಳಲ್ಲೂ ತಪ್ಪಾದರೆ ಫಾಂಟಿನ ಮೇಲೆ ವರದಿ. ಎಲ್ಲ ಫಾಂಟುಗಳಲ್ಲಿ, ಒಂದೇ ತಂತ್ರಾಂಶದಲ್ಲಿ ತಪ್ಪಾದರೆ ಆ ತಂತ್ರಾಂಶದ ಮೇಲೆ. ಎಲ್ಲೆಲ್ಲೂ ತಪ್ಪಾದರೆ ‘ಎಚ್‌ಬಿ-ವ್ಯೂ’ ಎಂಬ ಪುಟ್ಟ ಆಜ್ಞೆಗೆ ಫಾಂಟಿನ ಕಡತವನ್ನೂ ಆ ಪದವನ್ನೂ ಕೊಟ್ಟು ಚಿತ್ರ ತೆಗೆಯಿರಿ. ಅದರಲ್ಲೂ ಒಡೆದಿದ್ದರೆ ಹಾರ್ಫ್‌ಬಜ್ ಯೋಜನೆಯವರಿಗೇ ಬರೆಯಬಹುದು. ಟರ್ಮಿನಲ್‌ನಲ್ಲಿ ಕಂಡದ್ದನ್ನು ಮಾತ್ರ ಸಾಕ್ಷಿಯಾಗಿ ತರಬೇಡಿ. ಅಕ್ಷರಕ್ಕೊಂದು ಚೌಕ ಎಂಬ ಲೆಕ್ಕದಲ್ಲಿ ಕಟ್ಟಿದ ಬಹುತೇಕ ಟರ್ಮಿನಲ್‌ಗಳಲ್ಲಿ ಕನ್ನಡ ಒಡೆಯುವುದು ಎಲ್ಲರಿಗೂ ಗೊತ್ತಿರುವ ಹಳೆಯ ಮಿತಿ.

ಖಾಲಿ ಚೌಕಗಳು ಕಂಡರೆ ಕನ್ನಡ ಫಾಂಟೇ ಇಲ್ಲ; ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಬರಿದಾಗಿ ಬರುತ್ತದೆ. ರೋಮನ್ ಅಕ್ಷರಗಳ ಕಿಚಡಿ ಕಂಡರೆ ಅದು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನ ಕಡತ, ಪರಿವರ್ತಕದಿಂದ ಬದಲಾಯಿಸಬೇಕು. ಎರಡೂ ದೋಷಗಳಲ್ಲ.

ಪಿಡಿಎಫ್ ಪರದೆಯ ಮೇಲೆ ಸರಿಯಿದ್ದು ಕಾಗದದಲ್ಲಿ ಒತ್ತಕ್ಷರ ಕಳೆದುಕೊಂಡರೆ ಮೊದಲು ‘ಪಿಡಿಎಫ್‌ಫಾಂಟ್ಸ್’ ಆಜ್ಞೆಗೆ ಆ ಕಡತ ಕೊಡಿ. ಫಾಂಟು ಕಡತದೊಳಗೆ ಅಡಕವಾಗಿದೆಯೇ ಎಂಬುದು ‘ಇಎಂಬಿ’ ಎಂಬ ಕಾಲಮಿನಲ್ಲಿ ಕಾಣುತ್ತದೆ. ಅಡಕವಾಗಿಲ್ಲದಿದ್ದರೆ ಪಿಡಿಎಫ್ ತಯಾರಿಸಿದ ತಂತ್ರಾಂಶವನ್ನೋ ಅದರ ಸಂಯೋಜನೆಯನ್ನೋ ಹಿಡಿಯಬೇಕು, ಪ್ರಿಂಟರ್ ಪಾಪದ್ದು. ಅಡಕವಾಗಿದ್ದರೆ ಬೇರೆ ವೀಕ್ಷಕದಲ್ಲಿ ತೆರೆದು ಮುದ್ರಿಸಿ. ಆದರೆ ಎವಿನ್ಸ್ ಮತ್ತು ಆಕ್ಯುಲರ್ ಎರಡರಲ್ಲೂ ನೋಡಿದೆ, ಎರಡರಲ್ಲೂ ತಪ್ಪಿದೆ ಎನ್ನುವುದು ಒಂದೇ ಬಾವಿಯ ನೀರನ್ನು ಎರಡು ಕೊಡಗಳಲ್ಲಿ ತಂದು ರುಚಿ ಹೋಲಿಸಿದಂತೆ. ಎರಡರ ಒಳಗೂ ಇರುವುದು ಪಾಪ್ಲರ್ ಎಂಬ ಒಂದೇ ಲೈಬ್ರರಿ. ಫೈರ್‌ಫಾಕ್ಸಿನ ಪಿಡಿಎಫ್ ವೀಕ್ಷಕವೋ ಮ್ಯುಪಿಡಿಎಫ್ಫೋ ಹೇಳುವುದು ಸ್ವತಂತ್ರ ಸಾಕ್ಷಿ. ಗಿರಾಕಿ ಕಾಯುತ್ತಿದ್ದರೆ ಚಿತ್ರವಾಗಿ ಮುದ್ರಿಸಿ ಕೊಟ್ಟು ಕಳಿಸಿ, ಕೆಟ್ಟ ಪಿಡಿಎಫ್ಫನ್ನು ಮಾತ್ರ ಅಳಿಸಬೇಡಿ.

ಇನ್ನೊಂದು ಬಗೆಯ ದೋಷ ಕಣ್ಣಿಗೆ ಕಾಣುವುದೇ ಇಲ್ಲ. ಶಾಲೆಯ ಪಟ್ಟಿಯಲ್ಲಿ ‘ರ‍್ಯಾಂಕ್’ ಎಂಬ ಪದ ಎದುರಿಗೇ ಇದೆ, ಹುಡುಕಿದರೆ ಮಾತ್ರ ‘ಸಿಗಲಿಲ್ಲ’ ಎಂದು ಬರುತ್ತದೆ. ‘ಸೂರ್ಯ’ದಲ್ಲಿ ಬರುವ ಅರ್ಕಾವತ್ತು ಇಲ್ಲಿ ಬರಬಾರದು ಎಂದು ತಿಳಿಸಲು ರಕಾರದ ಬಳಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಹಾಕುತ್ತಾರೆ. ಯುನಿಕೋಡ್ ಹೇಳುವ ಕ್ರಮದಲ್ಲಿ ರಕಾರ, ಜೋಡಕ, ಆಮೇಲೆ ಹಲಂತ. ಹಳೆಯ ರೂಢಿಯಲ್ಲಿ ರಕಾರ, ಹಲಂತ, ಆಮೇಲೆ ಜೋಡಕ. ಹಳೆಯ ಕಡತಗಳು ಕೆಡದಿರಲೆಂದು ಹಾರ್ಫ್‌ಬಜ್ ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಹುಡುಕುವ ತಂತ್ರಾಂಶ ಸಂಕೇತಗಳನ್ನು ಇದ್ದ ಹಾಗೆ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಪದಗಳು. ‘ಹೆಕ್ಸ್‌ಡಂಪ್ -ಸಿ’ (ಈ ಸಿ ದೊಡ್ಡಕ್ಷರ) ಹಾಕಿ ಎರಡರ ಬೈಟ್‌ಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹುಡುಕಾಟ ಇಂಥ ಜೋಡಕಗಳನ್ನು ಕಡೆಗಣಿಸಲಿ ಎಂಬುದು ನ್ಯಾಯವಾದ ಕೋರಿಕೆ. ಅದನ್ನು ‘ಕೆಟ್ಟಿದೆ’ ಎಂದು ಬರೆಯದೆ, ಸುಧಾರಣೆಯ ಬೇಡಿಕೆ ಎಂದು ದಾಖಲಿಸಿ.

ನಮ್ಮ ಊರಿಗೇ ವಿಶೇಷವಾದದ್ದು ಉರ್ದು ಬೆರೆತ ಲಗ್ನಪತ್ರಿಕೆ. ಉರ್ದು ಸಾಲಿನ ನಡುವೆ 08472ರಿಂದ ಶುರುವಾಗುವ ಫೋನ್ ಸಂಖ್ಯೆಯನ್ನು ಅಡ್ಡಗೆರೆ ಹಾಕಿ ಬರೆದರೆ ಸಂಖ್ಯೆಯ ಉಳಿದ ಭಾಗ ಮೊದಲು ಬಂದು 08472 ಹಿಂದಕ್ಕೆ ಹೋಗುತ್ತದೆ. ಗಿರಾಕಿಯ ಮನೆಯವರು ಅಂಗಡಿಯವರ ಮೇಲೆ ಹರಿಹಾಯುತ್ತಾರೆ, ಅಂಗಡಿಯವರು ಲಿಬ್ರೆಆಫೀಸ್ ಮೇಲೆ. ಇಬ್ಬರ ಸಿಟ್ಟೂ ತಪ್ಪು ವಿಳಾಸಕ್ಕೆ ಹೋಗಿದೆ. ಬಲದಿಂದ ಎಡಕ್ಕೆ ಓಡುವ ಅರಬಿ ಲಿಪಿಯ ಅಕ್ಷರದ ನಂತರ ಬಂದ ಅಂಕಿಗಳನ್ನು ಯುನಿಕೋಡ್‌ನ ದ್ವಿಮುಖ ನಿಯಮ ಬೇರೆ ವರ್ಗಕ್ಕೆ ಸೇರಿಸುತ್ತದೆ. ಆಗ ನಡುವಿನ ಅಡ್ಡಗೆರೆ ಎರಡು ಗುಂಪುಗಳನ್ನು ಬೆಸೆಯುವುದಿಲ್ಲ. ಗುಂಪುಗಳು ಸಾಲಿನ ದಿಕ್ಕನ್ನೇ ಹಿಡಿದು ಅದಲುಬದಲಾಗುತ್ತವೆ. ಸಂಖ್ಯೆಗಿಂತ ಮೊದಲು ‘ಲೆಫ್ಟ್-ಟು-ರೈಟ್ ಮಾರ್ಕ್’ ಎಂಬ ಕಾಣದ ಗುರುತನ್ನು ಸೇರಿಸಿದರೆ ಸರಿಹೋಗುತ್ತದೆ. ಲಿಬ್ರೆಆಫೀಸಿನ ‘ಇನ್ಸರ್ಟ್’ ಪಟ್ಟಿಯ ‘ಫಾರ್ಮ್ಯಾಟಿಂಗ್ ಮಾರ್ಕ್’ ಒಳಗೆ ಅದು ಸಿಗುತ್ತದೆ. ಇದನ್ನು ದೋಷವೆಂದು ವರದಿ ಮಾಡಿದರೆ ‘ನಿಯಮದಂತೆಯೇ ಇದೆ’ ಎಂದು ಮುಚ್ಚುತ್ತಾರೆ, ಮುಚ್ಚಿದ್ದು ಸರಿಯೂ ಹೌದು.

ವರದಿ ಬರೆಯುವುದು

ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’, ಉಬುಂಟುವಿನಲ್ಲಿ ‘ಉಬುಂಟು-ಬಗ್’ ಆಜ್ಞೆಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಆವೃತ್ತಿ, ಅವಲಂಬನೆಗಳು ತಾವಾಗಿ ತುಂಬಿಕೊಳ್ಳುತ್ತವೆ. ಡೆಬಿಯನ್‌ನ ವ್ಯವಸ್ಥೆ ಪೂರ್ತಿ ಇಮೇಲ್ ಮೇಲೆಯೇ ನಡೆಯುತ್ತದೆ. ಫೆಡೊರಾ ಎಂಬ ವಿತರಣೆ ಬಳಸುವವರಿಗೆ ವರದಿಯ ತಾಣ ಬಗ್‌ಜಿಲ್ಲಾ. ಯಾವುದೇ ಇರಲಿ, ಹೊಸದು ಬರೆಯುವ ಮೊದಲು ಅದೇ ದೋಷ ಈಗಾಗಲೇ ದಾಖಲಾಗಿದೆಯೇ ಎಂದು ಹುಡುಕಿ. ಇದ್ದರೆ ಅದಕ್ಕೇ ನಿಮ್ಮ ಆವೃತ್ತಿ ಮತ್ತು ಹೊಸ ಮಾಹಿತಿ ಸೇರಿಸಿ. ಬರೀ ‘ನನಗೂ’ ಎಂದು ಬರೆಯುವುದು ಓದುವವರ ಅಂಚೆ ತುಂಬಿಸುವ ಕೆಲಸ.

ಶೀರ್ಷಿಕೆಯಲ್ಲೇ ದೋಷ ಕಾಣಬೇಕು. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಪಿಡಿಎಫ್‌ಗೆ ಕಳಿಸಿದಾಗ ರಕಾರದ ಕೆಳಗಿನ ಯ ಒತ್ತು ಬೀಳುತ್ತದೆ, ಪರದೆಯಲ್ಲಿ ಸರಿ’ ಎಂಬುದರಲ್ಲಿ ಎಲ್ಲವೂ ಇದೆ. ಒಳಗೆ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಸರಳ ಇಂಗ್ಲಿಷಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ, ಹೆಜ್ಜೆ ತಪ್ಪಿದರೆ ಕೆಲಸ ಕೆಡುತ್ತದೆ. ಓದುವವರಿಗೆ ಕನ್ನಡ ಬಾರದು ಎಂಬುದನ್ನು ಮರೆಯಬಾರದು: ಸರಿಯಾದ ರೂಪದ ಚಿತ್ರ, ತಪ್ಪಾದ ರೂಪದ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು, ತಪ್ಪಿದ ಜಾಗಕ್ಕೆ ಸುತ್ತು ಹಾಕಿ. ಜೊತೆಗೆ ಆ ಪದವನ್ನು ಪಠ್ಯವಾಗಿಯೂ ಕೊಡಿ. ಚಿತ್ರದಿಂದ ಅವರು ಪದವನ್ನು ನಕಲು ಮಾಡಿಕೊಳ್ಳಲಾರರು. ದಾಖಲೆಯನ್ನೂ ಮೊಬೈಲ್‌ನಲ್ಲಿ ತೆಗೆದ ಫೋಟೊ ಆಗಿ ಕಳಿಸಬೇಡಿ, ಪಠ್ಯ ಕಡತವಾಗಿ ಲಗತ್ತಿಸಿ.

ಲಗತ್ತಿಸುವ ಮಾದರಿ ಕಡತ ಗಿರಾಕಿಯದ್ದಾಗಿರಬಾರದು. ಡಿಟಿಪಿ ಅಂಗಡಿಯ ಕಡತವೆಂದರೆ ಆಧಾರ್ ಸಂಖ್ಯೆ, ಪಹಣಿ, ಫೋನ್ ನಂಬರು ಎಲ್ಲವೂ ಇರುತ್ತವೆ. ಡೆಬಿಯನ್‌ಗೆ ಕಳಿಸಿದ ವರದಿ ನಿಮ್ಮ ಇಮೇಲ್ ವಿಳಾಸದೊಂದಿಗೆ ಸಾರ್ವಜನಿಕವಾಗಿ ಉಳಿಯುತ್ತದೆ. ಕುಸಿದ ತಂತ್ರಾಂಶದ ಮೆಮೊರಿ ನಕಲಿನಲ್ಲೂ ಆಗ ತೆರೆದಿದ್ದ ಕಾಗದಪತ್ರದ ತುಣುಕುಗಳು ಇರಬಹುದು. ಖಾಲಿ ಕಡತ ತೆರೆದು, ದೋಷ ತೋರಿಸುವ ಒಂದೇ ಪದವನ್ನು ಅದರಲ್ಲಿಟ್ಟು ಕಳಿಸಿ. ಹೀಗೆ ಚಿಕ್ಕದು ಮಾಡುತ್ತ ಹೋದಾಗ ದೋಷದ ಕಾರಣ ನಿಮಗೇ ಹೊಳೆಯುವುದೂ ಉಂಟು.

ತೀವ್ರತೆಯ ವಿಷಯದಲ್ಲಿ ನಮ್ಮವರ ಕೈ ದೊಡ್ಡದು. ಡೆಬಿಯನ್‌ನಲ್ಲಿ ‘ಕ್ರಿಟಿಕಲ್’ ಎಂದರೆ ಸಂಬಂಧವಿಲ್ಲದ ತಂತ್ರಾಂಶವನ್ನೋ ಇಡೀ ವ್ಯವಸ್ಥೆಯನ್ನೋ ಕೆಡಿಸುವ, ಗಂಭೀರವಾಗಿ ದತ್ತಾಂಶ ನಾಶ ಮಾಡುವ ಅಥವಾ ಭದ್ರತೆಗೆ ಕಿಂಡಿ ತೆರೆಯುವ ದೋಷ. ಒತ್ತಕ್ಷರ ಬಿದ್ದದ್ದು ಅದರೊಳಗೆ ಬರುವುದಿಲ್ಲ. ‘ನಾರ್ಮಲ್’ ಸಾಕು, ಮುದ್ರಣವೇ ಸಾಧ್ಯವಿಲ್ಲವೆಂದರೆ ‘ಇಂಪಾರ್ಟೆಂಟ್’. ಉಬುಂಟುವಿನ ದೋಷಗಳು ದಾಖಲಾಗುವ ಲಾಂಚ್‌ಪ್ಯಾಡ್‌ನಲ್ಲಿ ಒಂದನೆಯ ಸಂಖ್ಯೆಯ ದೋಷವಾಗಿ 2004ರಲ್ಲಿ ಮಾರ್ಕ್ ಶಟಲ್‌ವರ್ತ್ ದಾಖಲಿಸಿದ್ದು ‘ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ’ ಎಂಬುದನ್ನು. 2013ರಲ್ಲಿ ಅದನ್ನು ಮುಚ್ಚಿದರು. ಉಬುಂಟು ಕಟ್ಟಿದವರಿಗೆ ಅಂಥ ಸಲುಗೆ ಇರುತ್ತದೆ, ನಮಗಿಲ್ಲ.

ಕಳಿಸಿದ ಮೇಲೆ

‘ಮೋರ್‌ಇನ್ಫೊ’ ಎಂಬ ಗುರುತು ಬಿದ್ದರೆ ಚೆಂಡು ನಿಮ್ಮ ಅಂಗಳದಲ್ಲಿದೆ. ಉತ್ತರ ಕೊಡದಿದ್ದರೆ ಕೆಲವು ಕಾಲದ ನಂತರ ಮುಚ್ಚಿಬಿಡುತ್ತಾರೆ. ‘ಅಪ್‌ಸ್ಟ್ರೀಮ್’ ಎಂದು ಬಿದ್ದರೆ ದೋಷ ವಿತರಣೆಯದಲ್ಲ, ಮೂಲ ತಂತ್ರಾಂಶದ್ದು. ಅಲ್ಲಿಯೂ ದಾಖಲಿಸಿ ಎರಡಕ್ಕೂ ಕೊಂಡಿ ಹಾಕಿ. ಫೆಡೊರಾದ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳ ಆಯುಸ್ಸು. ಅದು ಮುಗಿದಾಗ ತೆರೆದಿದ್ದ ವರದಿಗಳೂ ತಾವಾಗಿ ಮುಚ್ಚುತ್ತವೆ. ಹೊಸ ಆವೃತ್ತಿಯಲ್ಲೂ ದೋಷ ಇದ್ದರೆ ಮುಂಚೆಯೇ ಆವೃತ್ತಿ ಸಂಖ್ಯೆ ಬದಲಾಯಿಸಿಡಿ.

ಪರಿಹಾರ ಸಿದ್ಧವಾದ ಮೇಲೂ ಉಬುಂಟುವಿನ ಸ್ಥಿರ ಆವೃತ್ತಿಗಳಲ್ಲಿ ಅದು ನೇರವಾಗಿ ಎಲ್ಲರಿಗೂ ಹೋಗುವುದಿಲ್ಲ. ಮೊದಲು ‘ಪ್ರಪೋಸ್ಡ್’ ಎಂಬ ಭಂಡಾರದಲ್ಲಿ ಕನಿಷ್ಠ ಏಳು ದಿನ ಕೂರುತ್ತದೆ, ವರದಿಗೆ ‘ವೆರಿಫಿಕೇಶನ್-ನೀಡೆಡ್’ ಎಂಬ ಗುರುತು ಬೀಳುತ್ತದೆ. ಯಾರಾದರೂ ಪರೀಕ್ಷಿಸಿ ಸರಿಯಿದೆ ಎನ್ನುವವರೆಗೆ ಅದು ಮುಂದೆ ಹೋಗದು. ಕನ್ನಡದ ದೋಷಕ್ಕೆ ಹಾಗೆ ಪರೀಕ್ಷಿಸುವವರು ಎಲ್ಲಿಂದ ಬರಬೇಕು? ವರದಿ ಮಾಡಿದವರೇ ಮಾಡಬೇಕು. ಪ್ರಪೋಸ್ಡ್ ಭಂಡಾರವನ್ನು ತೆರೆದು ಆ ಒಂದು ಪ್ಯಾಕೇಜನ್ನು ಮಾತ್ರ ಹಾಕಿಕೊಳ್ಳಿ, ಎತ್ತಿಟ್ಟಿದ್ದ ಮಾದರಿ ಕಡತವನ್ನು ಮತ್ತೆ ಮುದ್ರಿಸಿ ನೋಡಿ, ಪರೀಕ್ಷಿಸಿದ ಆವೃತ್ತಿಯ ಸಂಖ್ಯೆಯನ್ನು ಬರೆದು ಗುರುತನ್ನು ‘ವೆರಿಫಿಕೇಶನ್-ಡನ್’ಗೆ ಬದಲಾಯಿಸಿ. ಆ ಬಳಿಕ ಪ್ರಪೋಸ್ಡ್ ಭಂಡಾರವನ್ನು ತಪ್ಪದೆ ಮುಚ್ಚಿ. ತೆರೆದೇ ಬಿಟ್ಟರೆ ಇನ್ನೂ ಪರೀಕ್ಷೆಯಾಗದ ಇತರ ಪ್ಯಾಕೇಜ್‌ಗಳೂ ಒಳಗೆ ಬರುತ್ತವೆ. ಲಗ್ನಸರಾಯಿಯ ಹೊತ್ತಿನಲ್ಲಿ ಅಂಗಡಿಯ ಯಂತ್ರದ ಮೇಲೆ ಅಂಥ ಪ್ರಯೋಗ ಬೇಡ.